ನ್ಯೂಜೆರ್ಸಿಯ ಮನೆ ಕಂದಾಯ: ಸೇರದೇ ಹೋದ ಸಮಾವೇಶ



ಮನೆ ಕಂದಾಯದ ಬಿಲ್ಲು ಕಂಡು ಗೊಣಗದವರು ಮುಂಬಯಿಯಲ್ಲೂ ಇಲ್ಲ, ಪುಣೆಯಲ್ಲೂ ಇಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಈ ಗೊಣಗಾಟ ರಾಜ್ಯದ ಸಂವಿಧಾನದವರೆಗೂ ಹೋಯಿತು. (ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ ಉಂಟು.)

ನ್ಯೂಜೆರ್ಸಿಯಲ್ಲಿ ಊರಿನ ಶಾಲೆ ಹೆಚ್ಚಾಗಿ ಆ ಊರಿನ ಆಸ್ತಿ ತೆರಿಗೆಯಿಂದಲೇ ನಡೆಯುತ್ತಿತ್ತು. ಸಿರಿವಂತರ ಊರಿಗೆ ಒಳ್ಳೆಯ ಶಾಲೆ. ಬಡವರ ಊರಿಗೆ ಭಾರೀ ತೆರಿಗೆ ಕೊಟ್ಟರೂ ಬಡ ಶಾಲೆ. ಈ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧವೆಂದು ರಾಜ್ಯದ ಸುಪ್ರೀಂ ಕೋರ್ಟು 1973ರಲ್ಲಿ ತೀರ್ಪು ಕೊಟ್ಟಿತು. ಶಾಸಕರು ಮೀನ ಮೇಷ ಎಣಿಸುತ್ತ ಕುಳಿತರು. 1976ರ ಜುಲೈಯಲ್ಲಿ ಶಾಲೆಗಳ ಖರ್ಚಿಗೇ ಕೋರ್ಟು ತಡೆ ಹಾಕಿದ ಮೇಲೆ ಆದಾಯ ತೆರಿಗೆ ಬಂತು. ಆ ಹಣ ಆಸ್ತಿ ತೆರಿಗೆಯ ಹೊರೆ ಇಳಿಸಲೆಂದೇ ಮೀಸಲು. ಆದರೂ ಹೊರೆ ಮತ್ತೆ ಏರಿತು.

ಶಾಸಕರಿಂದ ಆಗದ್ದನ್ನು ಜನರೇ ಆರಿಸಿ ಕಳಿಸುವ ಸಂವಿಧಾನ ಸಮಾವೇಶ ಮಾಡಲಿ ಎಂಬ ಕೂಗೆದ್ದು, 2004ರಲ್ಲಿ ಒಂದು ಕಾರ್ಯಪಡೆ ರಚನೆಯಾಯಿತು. ಸಮಾವೇಶ ಕರೆಯಿರಿ ಎಂದೇ ಅದು ಶಿಫಾರಸು ಮಾಡಿತು.

ಈ ದಾರಿ ಅಲ್ಲಿಗೆ ಹೊಸದೇನಲ್ಲ. 1947ರ ಬೇಸಿಗೆಯಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 81 ಪ್ರತಿನಿಧಿಗಳು ಮೂರು ತಿಂಗಳು ಕೂತು ಹೊಸ ಸಂವಿಧಾನ ಬರೆದಿದ್ದರು. ಆಗಲೂ ತೆರಿಗೆಯೇ ಕಗ್ಗಂಟು. ಜೆರ್ಸಿ ಸಿಟಿಯಲ್ಲಿ ರೈಲ್ವೆ ಕಂಪನಿಗಳ ಆಸ್ತಿ ಹೇರಳ. ಆ ನಗರಕ್ಕೆ ಮೂವತ್ತು ವರ್ಷ ಮೇಯರ್ ಆಗಿದ್ದ ಫ್ರ್ಯಾಂಕ್ ಹೇಗ್, 1944ರಲ್ಲಿ ಇಂಥದೇ ಒಂದು ಹೊಸ ಸಂವಿಧಾನವನ್ನು ವಿರೋಧಿಸಿ ಮಣ್ಣು ಮುಕ್ಕಿಸಿದ್ದ ಆಸಾಮಿ. ರೈಲ್ವೆ ತೆರಿಗೆಯ ವಿಷಯದಲ್ಲಿ ಅವನೊಡನೆ ಗವರ್ನರ್ ಡ್ರಿಸ್ಕಾಲ್ ರಾಜಿ ಮಾಡಿಕೊಂಡ ಮೇಲೆಯೇ ಹಾದಿ ಸುಗಮವಾಯಿತು. ಜನರ ಸಮಾವೇಶವೆಂದರೆ ರಾಜಕೀಯ ಇರುವುದಿಲ್ಲ ಎನ್ನುವವರು ಇದನ್ನು ನೆನೆಯಬೇಕು! ಇನ್ನೊಂದು ಮಾತು: ಶಾಸನಸಭೆಯಲ್ಲಿ ಕೌಂಟಿಗಳಿಗಿದ್ದ ಪ್ರಾತಿನಿಧ್ಯವನ್ನು ಮುಟ್ಟಕೂಡದೆಂದು ಆ ಸಮಾವೇಶಕ್ಕೆ ಮೊದಲೇ ಬೀಗ ಹಾಕಲಾಗಿತ್ತು. ಅದೇ ವಿಷಯಕ್ಕಾಗಿ 1966ರಲ್ಲಿ ಮತ್ತೊಂದು ಸಮಾವೇಶ ಸೇರಬೇಕಾಯಿತು.

2004ರ ನಂತರದ ಜಗಳವೂ ಇಂಥ ಬೀಗದ ಬಗ್ಗೆಯೇ. ತೆರಿಗೆ ಮಾತ್ರವೋ, ಖರ್ಚೂ ಸೇರಿಯೋ? ಖರ್ಚನ್ನು ಬಿಟ್ಟರೆ ಒಂದು ಜೇಬಿನ ಹಣ ಇನ್ನೊಂದು ಜೇಬಿಗೆ, ಅಷ್ಟೇ. ಮುಟ್ಟಿದರೆ ಶಾಲೆ, ಪಿಂಚಣಿಗಳ ಗತಿ ಏನು?

ಸಮಾವೇಶ ಸೇರಲೇ ಇಲ್ಲ. 2006ರಲ್ಲಿ ಗವರ್ನರ್ ಕೊರ್ಜೈನ್ ವಿಶೇಷ ಅಧಿವೇಶನ ಕರೆದು ಕೆಲಸವನ್ನು ಮತ್ತೆ ಶಾಸಕರ ಕೈಗೇ ಒಪ್ಪಿಸಿದರು. ತೆರಿಗೆಯ ವಾರ್ಷಿಕ ಏರಿಕೆಗೆ 2007ರಲ್ಲಿ ಶೇಕಡಾ 4ರ ಮಿತಿ ಬಂತು. 2010ರ ಕಾನೂನು ಅದನ್ನು ಶೇಕಡಾ 2ಕ್ಕೆ ಇಳಿಸಿತು. ಕಾರ್ಯಪಡೆಯ ವರದಿ ಕಪಾಟು ಸೇರಿತು.