ಹತ್ತನ್ನು ಎರಡು ಭಾಗ ಮಾಡಿದ ಅಲ್-ಖ್ವಾರಿಝ್ಮಿ

ಕಳೆದ ತಿಂಗಳು ಮಗ್ರಿಬ್ ನಮಾಝಿನ ಬಳಿಕ ಹತ್ತನೇ ತರಗತಿಯ ಹುಡುಗನೊಬ್ಬ ಗಣಿತದ ಪುಸ್ತಕ ಹಿಡಿದು ಬಂದ. "ಉಸ್ತಾದ್, ಎರಡು ಸಂಖ್ಯೆಗಳ ಮೊತ್ತ 10. ಅವುಗಳ ವರ್ಗಗಳ ಮೊತ್ತ 58. ಆ ಸಂಖ್ಯೆಗಳು ಯಾವುವು? ಇದೆಲ್ಲ ಕಲಿತು ನಮಗೇನು ಪ್ರಯೋಜನ?" ಎಂದು ಕೇಳಿದ. ಇದೇ ಲೆಕ್ಕವನ್ನು ಸುಮಾರು 1,200 ವರ್ಷಗಳ ಹಿಂದೆ ಬಗ್ದಾದಿನಲ್ಲಿ ಒಬ್ಬರು ಬಿಡಿಸಿದ್ದಾರೆ ಎಂದಾಗ ಅವನು ನಂಬಲಿಲ್ಲ.

ಅವರೇ ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಝ್ಮಿ. ಖಲೀಫಾ ಮಾಮೂನ್ (ಕ್ರಿ.ಶ. 813–833) ಅವರ ಪ್ರೋತ್ಸಾಹದಿಂದ 'ಅಲ್-ಜಬ್ರ್ ವಲ್-ಮುಕಾಬಲ'ದ ಕುರಿತು ಗ್ರಂಥ ಬರೆದರು. 1145ರಲ್ಲಿ ಅದು ಲ್ಯಾಟಿನ್‌ಗೆ ಅನುವಾದಗೊಂಡಿತು. 'ಆಲ್ಜೀಬ್ರಾ' ಎಂಬ ಹೆಸರು ಬಂದದ್ದು ಆ 'ಅಲ್-ಜಬ್ರ್'ನಿಂದಲೇ. ಭಾರತದ ಅಂಕಿಗಳ ಬಗ್ಗೆಯೂ ಅವರು ಪುಸ್ತಕ ಬರೆದವರು. ಆದರೆ ಈ ಗ್ರಂಥದಲ್ಲಿ ಅಂಕಿಯೂ ಇಲ್ಲ, ಎಕ್ಸ್-ವೈ ಕೂಡ ಇಲ್ಲ. ಎಲ್ಲವೂ ಮಾತಿನಲ್ಲೇ.

ಗೊತ್ತಿಲ್ಲದ ಸಂಖ್ಯೆಯನ್ನು ಅವರು 'ಶೈಅ್', ಅಂದರೆ 'ವಸ್ತು' ಎಂದರು. ಅದರ ವರ್ಗವನ್ನು 'ಮಾಲ್' ಎಂದರು. ಹತ್ತರ ಒಂದು ಭಾಗ ಒಂದು ವಸ್ತುವಾದರೆ, ಇನ್ನೊಂದು ಭಾಗ ಹತ್ತರಲ್ಲಿ ಒಂದು ವಸ್ತು ಕಡಿಮೆ. ಎರಡರ ವರ್ಗಗಳನ್ನೂ ಕೂಡಿಸಿದರೆ 100 ಮತ್ತು ಎರಡು ಮಾಲ್, ಅದರಲ್ಲಿ 20 ವಸ್ತು ಕಡಿಮೆ. ಇದು 58ಕ್ಕೆ ಸಮ.

'ಜಬ್ರ್' ಎಂದರೆ ಮುರಿದದ್ದನ್ನು ಸರಿಪಡಿಸುವುದು. ಎಲುಬು ಕೂಡಿಸುವುದಕ್ಕೂ ಅರಬಿಯಲ್ಲಿ ಇದೇ ಪದ. ಕಡಿಮೆಯಾದ 20 ವಸ್ತುವನ್ನು ಎರಡೂ ಕಡೆ ಸೇರಿಸಿದರೆ, 100 ಮತ್ತು ಎರಡು ಮಾಲ್, 58 ಮತ್ತು 20 ವಸ್ತುಗಳಿಗೆ ಸಮ. ಅರ್ಧ ಮಾಡಿದರೆ 50 ಮತ್ತು ಒಂದು ಮಾಲ್, 29 ಮತ್ತು 10 ವಸ್ತುಗಳಿಗೆ ಸಮ. 'ಮುಕಾಬಲ' ಎಂದರೆ ಎದುರುಬದುರು ಇಡುವುದು. ಎರಡೂ ಕಡೆಯಿಂದ 29 ತೆಗೆದರೆ ಒಂದು ಮಾಲ್ ಮತ್ತು 21, 10 ವಸ್ತುಗಳಿಗೆ ಸಮ. ಈಗ 10ರ ಅರ್ಧ 5, ಅದರ ವರ್ಗ 25. ಅದರಿಂದ 21 ಕಳೆದರೆ 4, ಅದರ ವರ್ಗಮೂಲ 2. ಐದರಿಂದ ಎರಡು ಕಳೆದರೆ 3, ಕೂಡಿಸಿದರೆ 7. ಇವೇ ಆ ಸಂಖ್ಯೆಗಳು. 9 ಮತ್ತು 49 ಕೂಡಿದರೆ 58.

ಹುಡುಗನಿಗೆ ಖುಷಿಯಾಯಿತು. ಆದರೆ ಅವನ ಎರಡನೇ ಪ್ರಶ್ನೆ ಬಾಕಿಯಿತ್ತು.

ಅದಕ್ಕೂ ಉತ್ತರ ಅದೇ ಗ್ರಂಥದಲ್ಲಿದೆ. ವ್ಯಾಪಾರ, ಜಮೀನಿನ ಅಳತೆ, ಕಾಲುವೆ ತೋಡುವುದು, ವಾರೀಸು ಪಾಲು, ಹೀಗೆ ಜನರಿಗೆ ನಿತ್ಯ ಬೇಕಾದ ಲೆಕ್ಕಗಳಿಗಾಗಿಯೇ ಅವರು ಅದನ್ನು ಬರೆದರು. ಗ್ರಂಥದ ಸುಮಾರು ಅರ್ಧದಷ್ಟು ವಸಿಯ್ಯತ್ ಮತ್ತು ವಾರೀಸಿನ ಲೆಕ್ಕಗಳೇ. 'ಮಾಲ್' ಎಂಬ ಪದಕ್ಕೆ ಸಂಪತ್ತು ಎಂಬ ಅರ್ಥವೂ ಇದೆಯಲ್ಲವೇ?

ಒಂದು ಉದಾಹರಣೆ ನೋಡೋಣ. ಒಬ್ಬರು ತೀರಿಕೊಂಡರು. ಸಾಲ, ವಸಿಯ್ಯತ್ ತೀರಿಸಿ 16 ಲಕ್ಷ ರೂಪಾಯಿ ಉಳಿಯಿತು. ವಾರೀಸುದಾರರು ಪತ್ನಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಸೂರಃ ಅನ್ನಿಸಾದ 11 ಮತ್ತು 12ನೇ ಆಯತ್‌ಗಳಂತೆ ಪತ್ನಿಗೆ ಎಂಟನೇ ಒಂದು ಭಾಗ, ಅಂದರೆ 2 ಲಕ್ಷ. ಉಳಿದದ್ದು 14 ಲಕ್ಷ. ಮಗಳ ಪಾಲು ಒಂದು 'ವಸ್ತು'ವಾದರೆ ಮಗನದ್ದು ಎರಡು. ಒಟ್ಟು ಏಳು ವಸ್ತು. ಹಾಗಾದರೆ ಪ್ರತಿ ಮಗಳಿಗೆ 2 ಲಕ್ಷ, ಪ್ರತಿ ಮಗನಿಗೆ 4 ಲಕ್ಷ.

ಪ್ರಿಯ ಸಹೋದರ ಸಹೋದರಿಯರೇ, ಈ ಲೆಕ್ಕ ಕಷ್ಟದ್ದಲ್ಲ. ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಮಗಳ ಪಾಲು ಇಂದಿಗೂ ಗೊತ್ತಿಲ್ಲದ ಸಂಖ್ಯೆಯಾಗಿಯೇ ಉಳಿದಿದೆ. "ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎಂದು ಮುಗಿಸಿಬಿಡುತ್ತೇವೆ. ಮದುವೆಯ ಖರ್ಚು ವಾರೀಸು ಹಕ್ಕನ್ನು ಅಳಿಸುವುದಿಲ್ಲ. ಆ ಪಾಲನ್ನು ನಿಗದಿ ಮಾಡಿದವನು ಅಲ್ಲಾಹನು.

ಪುಸ್ತಕ ಮಡಚಿ ಎದ್ದ ಹುಡುಗ ಬಾಗಿಲ ಬಳಿ ನಿಂತು ಕೇಳಿದ: "ಉಸ್ತಾದ್, ಅಜ್ಜನ ತೋಟದಲ್ಲಿ ನನ್ನ ಅತ್ತೆಗೆ ಎಷ್ಟು ಬರಬೇಕು?"

"ಮನೆಗೆ ಹೋಗಿ ತಂದೆಯ ಜೊತೆ ಕೂತು ಲೆಕ್ಕ ಮಾಡು ಮಗನೇ" ಎಂದೆ.