ಸೋಯರ್ ಮಾರಿದ ಹೆಸರು, ಸೋಯರ್ ಹೂಡಿದ ಒಲೆ

ಅಡುಗೆಯವನ ಹೆಸರು ಇಂದು ದೇಶ ದಾಟುವ ಸರಕು. ಗಾರ್ಡನ್ ರಾಮ್ಸೆ ಹೆಸರಿನ ರೆಸ್ಟೋರೆಂಟುಗಳು ಲಂಡನ್ನಿನಲ್ಲಿವೆ, ದುಬೈಯಲ್ಲಿವೆ, ಲಾಸ್ ವೇಗಸ್‌ನಲ್ಲೂ ಇವೆ. ಇದೆಲ್ಲ ಟಿವಿ ತಂದ ಭಾಗ್ಯ ಎನ್ನುತ್ತಾರೆ, ನನ್ನ ಜೊತೆ ಮದುವೆ ಅಡುಗೆಗೆ ಬರುವ ಹುಡುಗರು. ಅವರಿಗೆ ನಾನು ಅಲೆಕ್ಸಿಸ್ ಸೋಯರನ ಕಥೆ ಹೇಳುತ್ತೇನೆ.

ಸೋಯರ್ 1810ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ. 1830ರ ಕ್ರಾಂತಿಯ ನಂತರ ಇಂಗ್ಲೆಂಡಿಗೆ ಬಂದು, 1837ರಲ್ಲಿ ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಮುಖ್ಯ ಬಾಣಸಿಗನಾದ. ಮರುವರ್ಷ ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕದ ದಿನ 2,000 ಅತಿಥಿಗಳಿಗೆ ಬೆಳಗಿನ ಉಪಾಹಾರ ಮಾಡಿಸಿದ. ಕ್ಲಬ್ಬಿನ ಹೊಸ ಕಟ್ಟಡ 1841ರಲ್ಲಿ ತೆರೆದಾಗ ಅದರ ಅಡುಗೆಮನೆಯಲ್ಲಿ ಗ್ಯಾಸ್ ಒಲೆಗಳಿದ್ದವು, ಶಾಖ ಏರಿಸಿ ಇಳಿಸುವ ಓವನ್‌ಗಳಿದ್ದವು, ತಣ್ಣೀರು ಹರಿಸಿ ತಂಪಾಗಿಟ್ಟ ಕಪಾಟುಗಳಿದ್ದವು. ದೊಡ್ಡ ಮನುಷ್ಯರು ಅದನ್ನು ನೋಡಲೆಂದೇ ಬಂದರು. ಅಡುಗೆಮನೆಯ ಚಿತ್ರ ಅಚ್ಚಾಗಿ ಮಾರಾಟವಾಯಿತು.

ಮುಂದಿನ ಹೆಜ್ಜೆ ವ್ಯಾಪಾರ. ಕ್ರಾಸ್ ಅಂಡ್ ಬ್ಲ್ಯಾಕ್‌ವೆಲ್ ಕಂಪನಿ ಸೋಯರನ ಸಾಸನ್ನು ಮಾರಿತು. ಬಾಟಲಿಯ ಮೇಲೆ ಅವನದೇ ಮುಖ, ಓರೆಯಾಗಿಟ್ಟ ಟೋಪಿ. ಮೇಜಿನ ಮೇಲಿಟ್ಟು ಬೇಯಿಸುವ ‘ಮ್ಯಾಜಿಕ್ ಸ್ಟೋವ್’ ಬಂತು. ಪುಸ್ತಕಗಳು ಬಂದವು; ಅವುಗಳಲ್ಲೊಂದು ಬಡವರಿಗಾಗಿಯೇ ಬರೆದ ಒಂದು ಶಿಲಿಂಗಿನ ಪುಸ್ತಕ. 1851ರ ಲಂಡನ್ ಮಹಾಪ್ರದರ್ಶನಕ್ಕೆ ಬಂದವರಿಗೆಂದು ಗೋರ್ ಹೌಸ್‌ನಲ್ಲಿ ಭಾರಿ ಭೋಜನಶಾಲೆ ತೆರೆದು ಸುಮಾರು 7,000 ಪೌಂಡ್ ಕಳೆದುಕೊಂಡ.

ಇಷ್ಟೇ ಆಗಿದ್ದರೆ ನಾನು ಅವನನ್ನು ನೆನೆಯುತ್ತಿರಲಿಲ್ಲ. 1847ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದಾಗ, ಸರ್ಕಾರ ಅವನನ್ನು ಡಬ್ಲಿನ್‌ಗೆ ಕರೆಸಿತು. ಸೋಯರ್ ಅಲ್ಲಿ ದೊಡ್ಡ ಹಂಡೆ ಹೂಡಿ ಗಂಜಿಕೇಂದ್ರ ನಡೆಸಿದ. ಒಂದು ಪಂಕ್ತಿಗೆ 100 ಮಂದಿ. ಗಂಟೆ ಬಾರಿಸಿದರೆ ಒಳಗೆ, ಮತ್ತೆ ಬಾರಿಸಿದರೆ ಹೊರಗೆ. ಚಮಚಗಳಿಗೆ ಸರಪಳಿ. ಸೂಪು ತೀರಾ ತೆಳು ಎಂದು ವೈದ್ಯರು ಆಕ್ಷೇಪಿಸಿದರು. ಆರಂಭದ ದಿನ ಸಿರಿವಂತರು ಬಡವರು ಉಣ್ಣುವುದನ್ನು ನಿಂತು ನೋಡಿದರು. ಉಣ್ಣುವವರ ಮಾನ ಕಾಯದ ಆ ಏರ್ಪಾಡು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೂ ದಿನಕ್ಕೆ ಸಾವಿರಾರು ಹೊಟ್ಟೆಗಳಿಗೆ ಬಿಸಿ ಊಟ ಸಿಕ್ಕಿತು.

ಕ್ರಿಮಿಯಾ ಯುದ್ಧದಲ್ಲಿ ಅವನು ಇನ್ನೂ ಎತ್ತರಕ್ಕೆ ಬೆಳೆದ. 1855ರಲ್ಲಿ ‘ದಿ ಟೈಮ್ಸ್’ ಪತ್ರಿಕೆಗೆ ಕಾಗದ ಬರೆದು, ಸಂಬಳವಿಲ್ಲದೆ ಸೇವೆಗೆ ಬರುತ್ತೇನೆಂದ. ಫ್ಲಾರೆನ್ಸ್ ನೈಟಿಂಗೇಲ್ ಇದ್ದ ಸ್ಕುಟಾರಿಯ ಆಸ್ಪತ್ರೆಯಲ್ಲಿ ಮಾಂಸ ಬೇಯಿಸಿದ ನೀರನ್ನು ಚೆಲ್ಲುತ್ತಿದ್ದರು. ಬೇಳೆ ಕಟ್ಟನ್ನು ಚೆಲ್ಲುವವನನ್ನು ನಾವು ಒಂದು ದಿನವೂ ಒಲೆಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅಲ್ಲಿ ಅದೇ ಪದ್ಧತಿಯಾಗಿತ್ತು. ಸೋಯರ್ ಅದನ್ನು ನಿಲ್ಲಿಸಿದ. ಸೈನಿಕರಿಗೆ ಅಡುಗೆ ಕಲಿಸಿದ. ಕಡಿಮೆ ಸೌದೆಯಲ್ಲಿ, ಗಾಳಿ ಮಳೆಯಲ್ಲೂ ಉರಿಯುವ ಒಲೆ ಮಾಡಿಸಿದ: ಹೊರಗೆ ಪೀಪಾಯಿಯಂಥ ಕವಚ, ಒಳಗೆ ಬೆಂಕಿ, ಅದರ ಮೇಲೆ ಹಂಡೆ. ಬಯಲಲ್ಲಿ ಸಾವಿರ ಎಲೆಗೆ ಅಡುಗೆ ಇಳಿಸಿದವರಿಗೆ ಇದರ ಬೆಲೆ ಗೊತ್ತು. ಗಾಳಿ ಎದ್ದರೆ ಸೌದೆ ಉರಿದು ಮುಗಿಯುತ್ತದೆ, ಅಕ್ಕಿ ಬೇಯುವುದಿಲ್ಲ. ಆ ಒಲೆಯನ್ನು ಬ್ರಿಟಿಷ್ ಸೇನೆ ನೂರು ವರ್ಷಕ್ಕೂ ಮೀರಿ ಬಳಸಿತು. ಸೋಯರ್ ಮಾತ್ರ 1858ರಲ್ಲಿ, 48ನೇ ವಯಸ್ಸಿಗೇ ತೀರಿಕೊಂಡ.

ಹೆಸರು ಮಾರುವುದು ತಪ್ಪೆಂದು ನಾನು ಹುಡುಗರಿಗೆ ಹೇಳುವುದಿಲ್ಲ. ಸಾಸ್ ಬಾಟಲಿ ಮನೆಮನೆಗೆ ಮುಟ್ಟಿಸಿದ ಹೆಸರಿದ್ದುದರಿಂದಲೇ ಸೋಯರನ ಕಾಗದಕ್ಕೆ ಬೆಲೆ ಬಂತು. ಹೆಸರಿಲ್ಲದ ಅಡುಗೆಯವನ ಮಾತನ್ನು ಯಾವ ಮಂತ್ರಿ ಕೇಳುತ್ತಿದ್ದ? ನಮ್ಮ ಕಾಲದಲ್ಲೂ ಸ್ಪೇನ್‌ನಿಂದ ಅಮೆರಿಕಕ್ಕೆ ಹೋಗಿ ಹೆಸರಾದ ಹೊಸೆ ಆಂದ್ರೆಸ್, 2010ರ ಹೈಟಿ ಭೂಕಂಪದ ನಂತರ ‘ವರ್ಲ್ಡ್ ಸೆಂಟ್ರಲ್ ಕಿಚನ್’ ಕಟ್ಟಿದರು. ಇಂದು ಅದು ಯುದ್ಧ, ನೆರೆ, ಭೂಕಂಪ ಆದಲ್ಲೆಲ್ಲ ಒಲೆ ಹೂಡುತ್ತದೆ. ಅಡುಗೆಯವನು ಎಷ್ಟು ದೇಶದಲ್ಲಿ ಹೆಸರು ಗಳಿಸಿದ ಎಂದು ಲೆಕ್ಕ ಹಾಕುವವರು, ಆ ಹೆಸರಿನಿಂದ ಎಷ್ಟು ಹಸಿದವರು ಉಂಡರು ಎಂಬ ಲೆಕ್ಕವನ್ನೂ ಇಡಬೇಕು. ನಮ್ಮ ವೃತ್ತಿಗೆ ಒಪ್ಪುವ ಲೆಕ್ಕ ಅದು.