ಮೇಲ್ಮೈಯಿಂದ ಐದು ನ್ಯಾನೊಮೀಟರ್: ವಜ್ರದ ಸ್ಪಿನ್ ದೋಷಗಳ ಆಳವನ್ನು ಕುರಿತು ಒಂದು ಟಿಪ್ಪಣಿ

ವಜ್ರದ ಜಾಲಕದಲ್ಲಿ ಇಂಗಾಲದ ಒಂದು ಪರಮಾಣುವಿನ ಜಾಗಕ್ಕೆ ನೈಟ್ರೋಜನ್ ಬಂದು ಕೂತು, ಅದರ ಮಗ್ಗುಲ ಜಾಗ ಖಾಲಿ ಉಳಿದರೆ ಆ ಜೋಡಿಗೆ ಎನ್‌ವಿ ಕೇಂದ್ರವೆಂದು ಹೆಸರು. ಒಂದು ಎಲೆಕ್ಟ್ರಾನನ್ನು ಹೆಚ್ಚಾಗಿ ಹಿಡಿದಿಟ್ಟುಕೊಂಡ ಋಣಾವೇಶದ ರೂಪವೇ ನಮಗೆ ಬೇಕಾದದ್ದು. ಹಸಿರು ಲೇಸರ್ ಬಿದ್ದಾಗ ಅದು ಕೆಂಪಗೆ ಹೊಳೆಯುತ್ತದೆ, ಹೊಳಪಿನ ಏರಿಳಿತದಲ್ಲೇ ಸ್ಪಿನ್ನಿನ ಸ್ಥಿತಿಯನ್ನು ಓದಬಹುದು, 2.87 ಗಿಗಾಹರ್ಟ್ಸ್ ಸುಮಾರಿನ ಮೈಕ್ರೊವೇವಿನಿಂದ ಅದನ್ನು ತಿರುಗಿಸಬಹುದು. ಇದೆಲ್ಲ ಸಾಧಾರಣ ಕೋಣೆಯ ಉಷ್ಣತೆಯಲ್ಲೇ ನಡೆಯುತ್ತದೆ. 1997ರಲ್ಲಿ ಜರ್ಮನಿಯ ಕೆಮ್ನಿಟ್ಸ್‌ನ ತಂಡ ಇಂಥ ಒಂಟಿ ಕೇಂದ್ರವನ್ನು ಗುರುತಿಸಿದ ಮೇಲೆ ಈ ಕ್ಷೇತ್ರ ಬೆಳೆಯಿತು.

ವಜ್ರದ ದೋಷಗಳ ಬೆಳಕನ್ನು ಬೆಂಗಳೂರು ಅದಕ್ಕೂ ಬಹಳ ಹಿಂದೆಯೇ ನೋಡಿತ್ತು. 1940ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಪ್ರಯೋಗಾಲಯದಲ್ಲಿ ಅನ್ನಾ ಮಣಿ ಹತ್ತಾರು ವಜ್ರಗಳ ಪ್ರತಿದೀಪ್ತಿಯನ್ನು ಅಳೆದರು. ಅವರು ದಾಖಲಿಸಿದ 415 ಮತ್ತು 503 ನ್ಯಾನೊಮೀಟರ್ ಗೆರೆಗಳೂ ನೈಟ್ರೋಜನ್ ಮತ್ತು ಖಾಲಿ ಜಾಗಗಳು ಕೂಡಿದ ದೋಷಗಳವೇ. ಆದರೆ ವಜ್ರದಲ್ಲಿ ನೈಟ್ರೋಜನ್ ಇದೆಯೆಂಬುದು ಖಚಿತವಾದದ್ದು 1959ರಲ್ಲಿ. ಕಾರಣ ಇನ್ನೂ ತಿಳಿಯದ ಕಾಲದಲ್ಲಿ ಅಷ್ಟು ನಿಷ್ಠೆಯಿಂದ ಅಳೆದಿಟ್ಟ ಆ ಕೆಲಸವನ್ನು ಈ ಸಂದರ್ಭದಲ್ಲಿ ನೆನೆಯಲೇಬೇಕು.

ಕೇಂದ್ರ ಮೇಲ್ಮೈಗೆ ಹತ್ತಿರ ಏಕಿರಬೇಕು? ವಜ್ರದ ಹೊರಗೆ ಕೂತ ಒಂದು ಎಲೆಕ್ಟ್ರಾನ್ ಸ್ಪಿನ್ 10 ನ್ಯಾನೊಮೀಟರ್ ದೂರಕ್ಕೆ ಮುಟ್ಟಿಸುವ ಕಾಂತಕ್ಷೇತ್ರ ಸುಮಾರು 1 ಮೈಕ್ರೊಟೆಸ್ಲಾ. ಪ್ರೋಟಾನಿನದು ಅದರ 660ನೇ ಒಂದು ಪಾಲು. ಈ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುವುದರಿಂದ, ಆಳವನ್ನು ಅರ್ಧಕ್ಕಿಳಿಸಿದರೆ ಸಂಕೇತ ಎಂಟು ಪಟ್ಟಾಗುತ್ತದೆ. 2013ರಲ್ಲಿ ಸ್ಟುಟ್‌ಗಾರ್ಟ್‌ನ ತಂಡವೂ ಕ್ಯಾಲಿಫೋರ್ನಿಯದ ಐಬಿಎಂ ತಂಡವೂ ವಜ್ರದ ಹೊರಗಿನ ನ್ಯಾನೊ ಗಾತ್ರದ ಮಾದರಿಯ ಪ್ರೋಟಾನುಗಳನ್ನು ಆಲಿಸಲು ಸಾಧ್ಯವಾದದ್ದು ಕೇಂದ್ರಗಳು ಅಷ್ಟು ಮೇಲಿದ್ದುದರಿಂದಲೇ.

ಮೇಲ್ಮೈಗೆ ಹತ್ತಿರ ಕೇಂದ್ರ ಮಾಡುವ ಸಾಮಾನ್ಯ ವಿಧಾನ ಅಯಾನು ನೆಡುವುದು. ನೈಟ್ರೋಜನ್ ಅಯಾನುಗಳನ್ನು ಕೆಲವು ಕಿಲೊ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ ಹೊಡೆದು, ನಿರ್ವಾತದಲ್ಲಿ 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಖಾಲಿ ಜಾಗಗಳು ಅಲೆದಾಡಿ ನೈಟ್ರೋಜನ್ನಿನ ಪಕ್ಕ ನಿಲ್ಲುತ್ತವೆ. ಇಷ್ಟು ಕಡಿಮೆ ಶಕ್ತಿಯಲ್ಲಿ ಎನ್‌ವಿ ಆಗುವುದು ನೂರಕ್ಕೆ ಒಂದರ ಆಸುಪಾಸು. ನೈಟ್ರೋಜನ್-15 ಬಳಸಿದರೆ ನೆಟ್ಟದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಎಂದು ರೋಹಿತದ ಗೆರೆಗಳಿಂದಲೇ ಬೇರ್ಪಡಿಸಬಹುದು: ಅದು ಎರಡಾಗಿ ಸೀಳುತ್ತದೆ, ನೈಟ್ರೋಜನ್-14 ಮೂರಾಗಿ.

2.5 ಕಿಲೊ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಗೆ ಲೆಕ್ಕ ಕೊಡುವ ಸರಾಸರಿ ಆಳ 4–5 ನ್ಯಾನೊಮೀಟರ್. ಆದರೆ ಆ ಲೆಕ್ಕ ವಜ್ರವನ್ನು ಅಡ್ಡಾದಿಡ್ಡಿ ಪರಮಾಣುಗಳ ರಾಶಿಯೆಂದು ಭಾವಿಸುತ್ತದೆ. ನಿಜದ ಸ್ಫಟಿಕದಲ್ಲಿ ಪರಮಾಣುಗಳ ಸಾಲುಗಳ ನಡುವೆ ಓಣಿಗಳಿವೆ. ಓಣಿ ಹಿಡಿದ ಅಯಾನು ಎಷ್ಟೋ ಕೆಳಗೆ ಹೋಗಿ ನಿಲ್ಲುತ್ತದೆ. ಹೀಗಾಗಿ ಶಕ್ತಿಯ ಅಂಕಿಯನ್ನೇ ಆಳವೆಂದು ಬರೆಯುವ ರೂಢಿಯನ್ನು ಬಿಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ವಜ್ರ ಬೆಳೆಸುವಾಗಲೇ ಕೆಲಹೊತ್ತು ಮಾತ್ರ ನೈಟ್ರೋಜನ್ ಹಾಯಿಸಿ ತೆಳು ಪದರ ಮಾಡುವ ವಿಧಾನ (ಸಾಂತಾ ಬಾರ್ಬರಾ, 2012) ಅಯಾನು ನೆಡುವುದಕ್ಕಿಂತ ಹದವಾದದ್ದು, ಆದರೆ ನಿಧಾನದ್ದು.

ಇನ್ನು ಮೇಲ್ಮೈ. ಅಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳಿವೆ. ಅವುಗಳ ಕಾಂತೀಯ ಗದ್ದಲದ ಬಲ ಆಳದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಏರುತ್ತದೆ. ಜಲಜನಕ ಹೊದ್ದ ಮೇಲ್ಮೈಯಾದರೆ ಕೇಂದ್ರದ ಎಲೆಕ್ಟ್ರಾನನ್ನೇ ಕಸಿದುಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಆದ್ದರಿಂದ ಗಂಧಕಾಮ್ಲ, ನೈಟ್ರಿಕ್ ಮತ್ತು ಪರ್‌ಕ್ಲೋರಿಕ್ ಆಮ್ಲಗಳ ಕುದಿಯುವ ಮಿಶ್ರಣದಲ್ಲಿ ತೊಳೆದು ಆಮ್ಲಜನಕದ ಹೊದಿಕೆ ಕೊಡುತ್ತಾರೆ. ಉಜ್ಜಿದ ಗಾಯಗಳಿಲ್ಲದ ನುಣುಪು ಮೇಲ್ಮೈಗೆ ಕ್ರಮಬದ್ಧ ಆಮ್ಲಜನಕದ ಪದರ ಕೊಟ್ಟರೆ ಮೇಲ್ಪದರದ ಕೇಂದ್ರಗಳೂ ಹೆಚ್ಚು ಹೊತ್ತು ಸ್ಥಿತಿ ಕಾಯ್ದುಕೊಳ್ಳುತ್ತವೆಂದು 2019ರಲ್ಲಿ ಪ್ರಿನ್ಸ್‌ಟನ್ ತಂಡ ತೋರಿಸಿತು. ದೋಷವನ್ನು ಮಾಡುವ ಕೆಲಸ ಅಯಾನು ನೆಟ್ಟಲ್ಲಿಗೆ ಮುಗಿಯುವುದಿಲ್ಲ. ಮೇಲ್ಮೈಯನ್ನು ಕಟ್ಟುವುದೂ ಅದರ ಅರ್ಧ.

ಆಳವನ್ನು ನೇರವಾಗಿ ತಿಳಿಯುವ ದಾರಿಯಿದೆ. ಸೂಕ್ಷ್ಮದರ್ಶಕದ ಎಣ್ಣೆಯ ಪ್ರೋಟಾನ್ ಸಾಂದ್ರತೆ ಗೊತ್ತಿರುವಂಥದ್ದು, ಘನ ನ್ಯಾನೊಮೀಟರಿಗೆ ಸುಮಾರು 60. ಆ ಪ್ರೋಟಾನುಗಳ ಕ್ಷೇತ್ರದ ವರ್ಗದ ಸರಾಸರಿ ಆಳದ ಘನಕ್ಕೆ ವಿಲೋಮವಾದ್ದರಿಂದ, ಸಂಕೇತ ಅಳೆದರೆ ಪ್ರತಿ ಕೇಂದ್ರದ ಆಳ ಸಿಗುತ್ತದೆ. ಎಚ್ಚರಿಕೆ ಒಂದಿದೆ. ತೊಳೆದ ವಜ್ರದ ಮೇಲೂ ಸುಮಾರು 1 ನ್ಯಾನೊಮೀಟರ್ ದಪ್ಪದ, ಪ್ರೋಟಾನ್ ತುಂಬಿದ ತೆಳುಪೊರೆ ಅಂಟಿರುತ್ತದೆ. ಅಳೆಯಬೇಕಾದ ಅಣು ಕೂರುವುದು ಆ ಪೊರೆಯ ಮೇಲೆ. ಅಲ್ಲಿಗೆ 5 ನ್ಯಾನೊಮೀಟರ್ ಆಳದ ಕೇಂದ್ರದಿಂದ ಅಣುವಿಗೆ 6 ನ್ಯಾನೊಮೀಟರ್ ದೂರ, ಮತ್ತು ಅದರ ಸಂಕೇತ ನಾವು ಎಣಿಸಿದ್ದರ ನೂರಕ್ಕೆ 58 ಮಾತ್ರ.